ಫ್ರಾನ್ಸಿನ ಗ್ರಾಮ ಕಮ್ಯೂನ್: ಹಳ್ಳಿಯ ಬಾಳು ಮತ್ತು ಸ್ಥಳೀಯ ಆಡಳಿತ

1. ಪೀಠಿಕೆ

ಫ್ರಾನ್ಸಿನ ಇತಿಹಾಸವನ್ನು ಅಭ್ಯಸಿಸುವವರ ದೃಷ್ಟಿ ಸಾಮಾನ್ಯವಾಗಿ ಪ್ಯಾರಿಸ್ ನಗರದ ಕಡೆಗೇ ಹರಿಯುತ್ತದೆ. ಅರಸರ ಆಸ್ಥಾನ, ಕ್ರಾಂತಿಯ ಸಭೆಗಳು, ನೆಪೋಲಿಯನ್ನನ ಆಡಳಿತ ಸುಧಾರಣೆಗಳು, ಗಣರಾಜ್ಯಗಳ ಏಳುಬೀಳುಗಳು, ಇವೆಲ್ಲವೂ ರಾಜಧಾನಿಯನ್ನು ಕೇಂದ್ರವಾಗಿಟ್ಟುಕೊಂಡೇ ನಿರೂಪಿತವಾಗಿವೆ. ಅಧಿಕಾರದ ಕೇಂದ್ರೀಕರಣಕ್ಕೆ ಫ್ರಾನ್ಸ್ ದೇಶವೇ ಮಾದರಿಯೆಂದು ಪಠ್ಯಗ್ರಂಥಗಳು ಸಾರುತ್ತವೆ. ಆದರೆ ಇದೇ ದೇಶದಲ್ಲಿ ಸ್ಥಳೀಯ ಸಂಸ್ಥೆಗಳ ಸಂಖ್ಯೆ ಅಚ್ಚರಿಪಡುವಷ್ಟು ದೊಡ್ಡದು. ಇಂದು ಅಲ್ಲಿ ಸುಮಾರು 35,000 ಕಮ್ಯೂನುಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು 500 ಜನರೂ ಇಲ್ಲದ ಹಳ್ಳಿಗಳು. ಅಂಥ ಒಂದೊಂದು ಹಳ್ಳಿಗೂ ತನ್ನದೇ ಆದ ಚುನಾಯಿತ ಸಮಿತಿ, ತನ್ನದೇ ಆದ ಮೇಯರ್, ತನ್ನದೇ ಆದ ಆಯವ್ಯಯ ಪಟ್ಟಿ ಇವೆ.

ಕಮ್ಯೂನ್ ಎಂಬ ಪದವನ್ನು ನಾವು ಗ್ರಾಮ ಪಂಚಾಯಿತಿಯೆಂದು ಕನ್ನಡಿಸಿದರೆ ಅರ್ಥ ಪೂರ್ಣವಾಗುವುದಿಲ್ಲ. ಕಮ್ಯೂನ್ ಎಂದರೆ ಆಡಳಿತ ನಡೆಸುವ ಸಮಿತಿ ಮಾತ್ರವಲ್ಲ. ಎಲ್ಲೆಕಟ್ಟುಳ್ಳ ನೆಲ, ಅದರ ನಿವಾಸಿಗಳು, ಅವರ ಸಾಮೂಹಿಕ ಆಸ್ತಿ, ಇವೆಲ್ಲವನ್ನೂ ಒಳಗೊಂಡ ಒಂದು ಕಾನೂನುಬದ್ಧ ವ್ಯಕ್ತಿತ್ವ. ಇಪ್ಪತ್ತು ಮನೆಗಳ ಹಳ್ಳಿಯೂ ಲಿಯೋಂ ಮಹಾನಗರವೂ ಈ ಅರ್ಥದಲ್ಲಿ ಒಂದೇ ಪಂಕ್ತಿಗೆ ಸೇರಿದುವು. ಇಷ್ಟು ಕಿರಿದಾದ ಘಟಕಗಳು ಇಷ್ಟು ಬಲವಾದ ಕೇಂದ್ರ ಸರ್ಕಾರದೊಡನೆ ಎರಡು ಶತಮಾನಗಳಿಗೂ ಮಿಕ್ಕಿ ಹೇಗೆ ಬಾಳಿದುವು? ಅವುಗಳ ಅಲ್ಪಗಾತ್ರ ದೌರ್ಬಲ್ಯವೋ ಶಕ್ತಿಯೋ? ಈ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸೋಣ.

2. ಕ್ರಾಂತಿಗೆ ಮುಂಚಿನ ಹಳ್ಳಿ

ಹಳೆಯ ಅರಸೊತ್ತಿಗೆಯ ಕಾಲದಲ್ಲಿ ಹಳ್ಳಿಗೆ ಒಂದೇ ರೂಪವಿರಲಿಲ್ಲ. ಇಗರ್ಜಿಯ ದೃಷ್ಟಿಯಲ್ಲಿ ಅದು ಪ್ಯಾರಿಷ್. ಜಮೀನಿನ ಒಡೆಯನಾದ ಸೆನ್ಯೂರನ ದೃಷ್ಟಿಯಲ್ಲಿ ಅವನ ಹಕ್ಕುಬಾಧ್ಯತೆಗಳ ಕ್ಷೇತ್ರ. ಅರಸನ ದೃಷ್ಟಿಯಲ್ಲಿ ತೆರಿಗೆ ತೆರುವ ಸಮುದಾಯ. ಈ ಮೂರರ ಎಲ್ಲೆಗಳು ಎಲ್ಲೆಡೆಯೂ ಒಂದರ ಮೇಲೊಂದು ಸರಿಯಾಗಿ ಕೂಡುತ್ತಿರಲಿಲ್ಲ. ಹೀಗಿದ್ದರೂ ಹಳ್ಳಿಯ ಜನ ಒಟ್ಟುಗೂಡಿ ತೀರ್ಮಾನಿಸಬೇಕಾದ ಸಂಗತಿಗಳಿದ್ದುವು. ಭಾನುವಾರ ಪೂಜೆ ಮುಗಿದ ಬಳಿಕ ಗಂಟೆ ಬಾರಿಸಿ, ಇಗರ್ಜಿಯ ಬಾಗಿಲಲ್ಲಿಯೋ ಸ್ಮಶಾನದ ಅಂಗಳದಲ್ಲಿಯೋ ಮನೆಯ ಯಜಮಾನರು ಸಭೆ ಸೇರುತ್ತಿದ್ದರು. ಊರಿನ ದನಕರುಗಳಿಗೆ ಗೋಪಾಲಕನನ್ನು ಗೊತ್ತುಮಾಡುವುದು, ದ್ರಾಕ್ಷಿಯ ಕೊಯ್ಲು ಆರಂಭಿಸುವ ದಿನವನ್ನು ನಿರ್ಣಯಿಸುವುದು, ಇಗರ್ಜಿಯಲ್ಲಿ ಭಕ್ತರು ಕೂಡುವ ಅಂಕಣವನ್ನು ದುರಸ್ತಿಮಾಡಿಸುವುದು, ಊರಿನ ಪರವಾಗಿ ನಡೆದುಕೊಳ್ಳುವ ಸ್ಯಾಂಡಿಕ್ ಎಂಬ ಪ್ರತಿನಿಧಿಯನ್ನು ಆರಿಸುವುದು, ಇವು ಆ ಸಭೆಯ ಕೆಲಸಗಳು.

ಈ ಸಭೆಯನ್ನು ಗ್ರಾಮ ಪ್ರಜಾಪ್ರಭುತ್ವವೆಂದು ಕೊಂಡಾಡುವುದಕ್ಕೆ ಮುಂಚೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಸಾಲ ಎತ್ತುವುದಕ್ಕಾಗಲಿ ವ್ಯಾಜ್ಯ ಹೂಡುವುದಕ್ಕಾಗಲಿ ಅರಸನ ಅಧಿಕಾರಿಯಾದ ಇಂಟೆಂಡೆಂಟನ ಅನುಮತಿ ಬೇಕಾಗಿತ್ತು. ತಾಯ್ ಎಂಬ ನೇರ ತೆರಿಗೆಯನ್ನು ವಸೂಲುಮಾಡುವವರನ್ನು ಊರಿನವರೇ ಆರಿಸಿಕೊಡಬೇಕಾಗಿತ್ತು. ವಸೂಲಿಯಲ್ಲಿ ಕೊರತೆ ಬಿದ್ದರೆ ಅದು ಆ ಬಡಪಾಯಿಗಳ ತಲೆಯ ಮೇಲೆ ಬೀಳುತ್ತಿದ್ದುದರಿಂದ ಆ ಹುದ್ದೆಯನ್ನು ಗೌರವವೆಂದು ಬಗೆಯದೆ ಶಿಕ್ಷೆಯೆಂದು ಬಗೆಯುತ್ತಿದ್ದರು. ಎಂದರೆ ಹಳ್ಳಿಗೆ ಹೊಣೆಯಿತ್ತು, ಅಧಿಕಾರವಿರಲಿಲ್ಲ.

1787ರ ಜೂನ್ ತಿಂಗಳ ರಾಜಶಾಸನವು ಬಹುಭಾಗದ ಪ್ಯಾರಿಷ್‌ಗಳಲ್ಲಿ ಹೊಸ ಬಗೆಯ ಸಭೆಯನ್ನು ಏರ್ಪಡಿಸಿತು. ಮನೆಗಳ ಸಂಖ್ಯೆಯನ್ನು ಅನುಸರಿಸಿ 3, 6 ಅಥವಾ 9 ಮಂದಿ ಚುನಾಯಿತ ಸದಸ್ಯರು. ಅವರೊಡನೆ ಪದನಿಮಿತ್ತವಾಗಿ ಸೆನ್ಯೂರ್ ಮತ್ತು ಪಾದ್ರಿ. 10 ಲಿವ್ರ್ ತೆರಿಗೆ ತೆರುವವನಿಗೆ ಮತದ ಹಕ್ಕು, 30 ಲಿವ್ರ್ ತೆರುವವನಿಗೆ ಸದಸ್ಯನಾಗುವ ಹಕ್ಕು. ಹಳೆಯ ಸಭೆಯಲ್ಲಿ ನಿಂತು ಮಾತನಾಡಬಹುದಾಗಿದ್ದ ಬಡವನಿಗೆ ಹೊಸ ಸಭೆಯಲ್ಲಿ ಎಡೆಯಿರಲಿಲ್ಲ. ಸುಧಾರಣೆಯೆಂಬುದು ಯಾವಾಗಲೂ ಎಲ್ಲರಿಗೂ ಏಕಪ್ರಕಾರವಾಗಿ ಲಾಭ ತರುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

3. ಕಮ್ಯೂನಿನ ಹುಟ್ಟು

1789ರ ಶರತ್ಕಾಲದಲ್ಲಿ ರಾಷ್ಟ್ರಸಭೆಯ ಮುಂದೆ ಎರಡು ಯೋಜನೆಗಳು ಬಂದುವು. ತೂರೆ ಎಂಬ ಸದಸ್ಯನು ಸಮಿತಿಯ ಪರವಾಗಿ ಮಂಡಿಸಿದ ಯೋಜನೆಯಂತೆ ದೇಶವನ್ನು ಸುಮಾರು 80 ಚೌಕಾಕಾರದ ವಿಭಾಗಗಳನ್ನಾಗಿ ಹಂಚಿ, ಒಂದೊಂದನ್ನೂ ಮತ್ತೆ 9 ದೊಡ್ಡ ಕಮ್ಯೂನುಗಳನ್ನಾಗಿ ಮಾಡಬೇಕಾಗಿತ್ತು. ಒಟ್ಟು 720 ಕಮ್ಯೂನುಗಳು. ಜ್ಯಾಮಿತಿಯ ದೃಷ್ಟಿಯಿಂದ ಇದು ಸುಂದರವಾದ ಯೋಜನೆ. ಆದರೆ ಜನ ಚೌಕಗಳಲ್ಲಿ ವಾಸಮಾಡುತ್ತಿರಲಿಲ್ಲ. ಮಿರಾಬೋ ಮೊದಲಾದವರು ಇದನ್ನು ವಿರೋಧಿಸಿದರು. ಕೊನೆಗೆ, ಈಗಾಗಲೇ ಇರುವ ಪ್ರತಿಯೊಂದು ಪಟ್ಟಣಕ್ಕೂ ಪ್ರತಿಯೊಂದು ಪ್ಯಾರಿಷ್‌ಗೂ ಒಂದೊಂದು ಪೌರಸಂಸ್ಥೆ ಇರತಕ್ಕದ್ದೆಂದು ತೀರ್ಮಾನವಾಗಿ, 1789ರ ಡಿಸೆಂಬರ್ 14ರ ಶಾಸನ ಹೊರಟಿತು. 40,000ಕ್ಕೂ ಮಿಕ್ಕಿ ಸಂಸ್ಥೆಗಳು ಹೀಗೆ ಒಮ್ಮೆಲೇ ಜನ್ಮ ತಾಳಿದುವು. 720 ಎಂಬ ಸಂಖ್ಯೆಗೂ 40,000 ಎಂಬ ಸಂಖ್ಯೆಗೂ ನಡುವಣ ಈ ವಿವಾದವನ್ನು ವಾಚಕರು ನೆನಪಿನಲ್ಲಿಡಬೇಕು. ಅದು ಮುಂದೆ ಮತ್ತೆ ಮತ್ತೆ ತಲೆಯೆತ್ತುತ್ತದೆ.

ಮೂರು ದಿನಗಳ ಕೂಲಿಗೆ ಸಮನಾದ ತೆರಿಗೆ ತೆರುವ ಗಂಡಸರಿಗೆ ಮತದ ಹಕ್ಕು ದೊರೆಯಿತು. ಮೇಯರನನ್ನು ಅವರೇ ನೇರವಾಗಿ ಆರಿಸುತ್ತಿದ್ದರು. 500 ಜನರಿಗಿಂತ ಕಡಮೆಯಿರುವ ಹಳ್ಳಿಯಲ್ಲಿ ಮೇಯರನೂ ಸೇರಿ ಮೂವರು ಆಡಳಿತಗಾರರು. 1792ರ ಸೆಪ್ಟೆಂಬರ್ 20ರ ಕಾನೂನು ಇವರಿಗೆ ಇನ್ನೂ ದೊಡ್ಡ ಹೊಣೆಯೊಂದನ್ನು ವಹಿಸಿತು. ಅಲ್ಲಿಯವರೆಗೆ ಪಾದ್ರಿಯ ವಶದಲ್ಲಿದ್ದ ಜನನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳು ಕಮ್ಯೂನಿನ ವಶಕ್ಕೆ ಬಂದುವು. ಇದರ ಪರಿಣಾಮವನ್ನು ನಾವು ಕಡಮೆಯಾಗಿ ಎಣಿಸಲಾಗದು. ಅಂದಿನಿಂದ ಫ್ರೆಂಚ್ ರೈತನು ಹುಟ್ಟಿದ್ದೂ, ಮದುವೆಯಾದದ್ದೂ, ಸತ್ತದ್ದೂ ರಾಜ್ಯದ ದೃಷ್ಟಿಯಲ್ಲಿ ಸತ್ಯವಾಗುತ್ತಿದ್ದುದು ನೆರೆಮನೆಯ ಇನ್ನೊಬ್ಬ ರೈತನ ಸಹಿಯಿಂದ.

ಸಾಮೂಹಿಕ ನೆಲದ ಪ್ರಶ್ನೆಯಲ್ಲಿಯೂ ಕ್ರಾಂತಿಯು ಒಂದು ವಿಶೇಷವನ್ನು ತೋರಿಸಿತು. ಊರಿನ ಗೋಮಾಳಗಳನ್ನು ನಿವಾಸಿಗಳು ಬಯಸಿದರೆ ತಲೆಗೊಂದು ಪಾಲಿನಂತೆ ಹಂಚಿಕೊಳ್ಳಬಹುದೆಂದು 1793ರ ಜೂನ್ 10ರ ಶಾಸನ ಹೇಳಿತು. ಆ ತೀರ್ಮಾನದ ಸಭೆಯಲ್ಲಿ 21 ವರ್ಷ ಮೀರಿದ ಹೆಂಗಸರಿಗೂ ಮತವಿತ್ತು. ರಾಜಕೀಯದಲ್ಲಿ ಹೆಣ್ಣಿಗೆ ಇಲ್ಲದ ಮತವು ಹುಲ್ಲುಗಾವಲಿನ ವಿಷಯದಲ್ಲಿ ಇದ್ದುದು ಗಮನಾರ್ಹ.

1795ರ ರಾಜ್ಯಾಂಗವು ಸಣ್ಣ ಕಮ್ಯೂನುಗಳ ಕೈಯಿಂದ ಆಡಳಿತವನ್ನು ಕಿತ್ತು, ಹಲವು ಹಳ್ಳಿಗಳನ್ನೊಳಗೊಂಡ ಕ್ಯಾಂಟನ್ ಎಂಬ ಘಟಕಕ್ಕೆ ಕೊಟ್ಟಿತು. ಪ್ರತಿಯೊಂದು ಹಳ್ಳಿಗೂ ಒಬ್ಬ ಏಜೆಂಟನೂ ಒಬ್ಬ ಸಹಾಯಕನೂ ಮಾತ್ರ ಉಳಿದರು. ತೂರೆಯ ಕನಸು ಇನ್ನೊಂದು ರೂಪದಲ್ಲಿ ನನಸಾಗಿತ್ತು. ಆದರೆ ಈ ವ್ಯವಸ್ಥೆ ಐದು ವರ್ಷ ಬಾಳಲಿಲ್ಲ. 1800ರ ಫೆಬ್ರವರಿ 17ರ ಕಾನೂನಿನಿಂದ ನೆಪೋಲಿಯನ್ನನು ಪ್ರತಿ ಹಳ್ಳಿಗೂ ಮೇಯರನನ್ನು ಮರಳಿ ಕೊಟ್ಟನು. ಆದರೆ ಚುನಾವಣೆಯನ್ನು ಕೊಡಲಿಲ್ಲ. ಸಣ್ಣ ಊರುಗಳ ಮೇಯರನನ್ನೂ ಸಮಿತಿಯ ಸದಸ್ಯರನ್ನೂ ಪ್ರೀಫೆಕ್ಟನೆಂಬ ಜಿಲ್ಲಾಧಿಕಾರಿಯೇ ನೇಮಿಸುತ್ತಿದ್ದನು.

ಈ ಹಂತದಲ್ಲಿ ಮೇಯರ್ ಪದವಿಯ ಉಭಯ ಸ್ವರೂಪವು ಸ್ಪಷ್ಟವಾಗಿ ಕಾಣುತ್ತದೆ. ಕಾನೂನುಗಳನ್ನು ಪ್ರಕಟಿಸುವುದು, ಸೈನ್ಯಕ್ಕೆ ಸೇರಬೇಕಾದ ತರುಣರ ಪಟ್ಟಿ ಮಾಡುವುದು, ಜನನಮರಣಗಳನ್ನು ದಾಖಲಿಸುವುದು, ಈ ಕೆಲಸಗಳಲ್ಲಿ ಅವನು ರಾಜ್ಯದ ಕೈ. ಊರಿನ ದಾರಿ, ಬಾವಿ, ಕಾಡು, ಲೆಕ್ಕಪತ್ರ, ಇವುಗಳಲ್ಲಿ ಅವನು ಊರಿನ ಕೈ. ಈ ಎರಡು ಪಾತ್ರಗಳು ಒಬ್ಬನಲ್ಲಿಯೇ ಕೂಡಿದುದರಿಂದ ಕೇಂದ್ರ ಸರ್ಕಾರವು ಹಳ್ಳಿಯನ್ನು ಮುಟ್ಟಬೇಕಾದಾಗಲೆಲ್ಲ ಊರಿನವನೊಬ್ಬನ ಮೂಲಕವೇ ಮುಟ್ಟಬೇಕಾಯಿತು. ಕೇಂದ್ರೀಕರಣವೂ ಕಮ್ಯೂನೂ ಒಂದರೊಡನೊಂದು ಬಾಳಿದ ರಹಸ್ಯ ಬಹುಮಟ್ಟಿಗೆ ಇಲ್ಲಿದೆ ಎಂದು ನಮಗೆ ತೋರುತ್ತದೆ.

4. ದಾರಿ, ಶಾಲೆ, ನೀರು, ಕಟ್ಟಿಗೆ

1831ರ ಮಾರ್ಚ್ 21ರ ಕಾನೂನು ಸಮಿತಿಯ ಚುನಾವಣೆಯನ್ನು ಮರಳಿ ತಂದಿತು. ಮತವು ಹೆಚ್ಚು ತೆರಿಗೆ ತೆರುವವರಿಗೆ ಮಾತ್ರ. ಆದರೂ ಸಣ್ಣ ಕಮ್ಯೂನುಗಳಲ್ಲಿ ಜನಸಂಖ್ಯೆಯ ಹತ್ತರಲ್ಲೊಂದು ಭಾಗಕ್ಕೆ ಅದು ದೊರೆಯಿತು. ಸಂಸತ್ತಿನ ಚುನಾವಣೆಯಲ್ಲಿ ಇಡೀ ದೇಶಕ್ಕೆ ಸುಮಾರು 2 ಲಕ್ಷ ಮತದಾರರಿದ್ದ ಕಾಲದಲ್ಲಿ ಕಮ್ಯೂನಿನ ಮತದಾರರು 20 ಲಕ್ಷಕ್ಕೂ ಹೆಚ್ಚು. ಆದುದರಿಂದ ಫ್ರೆಂಚ್ ರೈತನು ಮತ ಹಾಕುವುದನ್ನು ಮೊದಲು ಅಭ್ಯಾಸಮಾಡಿದ್ದು 1848ರ ಸಾರ್ವತ್ರಿಕ ಪುರುಷ ಮತಾಧಿಕಾರದ ದಿನವಲ್ಲ. ಅದಕ್ಕೆ ಹದಿನೇಳು ವರ್ಷ ಮುಂಚೆ, ತನ್ನ ಊರಿನಲ್ಲಿಯೇ.

ಸಮಿತಿಯವರು ಏನನ್ನು ಕುರಿತು ಚರ್ಚಿಸುತ್ತಿದ್ದರು? ಮೊದಲನೆಯದು ದಾರಿ. 1836ರ ಮೇ 21ರ ಕಾನೂನಿನಂತೆ ಕಮ್ಯೂನು ತನ್ನ ನಿವಾಸಿಗಳಿಂದ ವರ್ಷಕ್ಕೆ ಮೂರು ದಿನಗಳವರೆಗೆ ರಸ್ತೆಯ ದುಡಿಮೆಯನ್ನಾಗಲಿ ಅದಕ್ಕೆ ಬದಲು ಹಣವನ್ನಾಗಲಿ ಪಡೆಯಬಹುದಾಗಿತ್ತು. ಯಾವ ಕೇರಿಯ ಮುಂದೆ ದಾರಿ ಹಾಯಬೇಕೆಂಬುದೇ ಎಷ್ಟೋ ಊರುಗಳ ರಾಜಕೀಯವಾಯಿತು. ಎರಡನೆಯದು ಶಾಲೆ. 1833ರ ಜೂನ್ 28ರ ಗೀಜೋ ಕಾನೂನು ಪ್ರತಿಯೊಂದು ಕಮ್ಯೂನೂ ತಾನೇ ಅಥವಾ ನೆರೆಯ ಕಮ್ಯೂನಿನೊಡನೆ ಕೂಡಿ ಒಂದು ಪ್ರಾಥಮಿಕ ಶಾಲೆಯನ್ನು ನಡೆಸತಕ್ಕದ್ದೆಂದು ವಿಧಿಸಿತು. ಪಶ್ಚಿಮ ಫ್ರಾನ್ಸಿನ ಮಾಜಿಯೇರ್-ಆಂ-ಗಾತಿನ್ ಎಂಬ ತನ್ನ ಊರಿನ ಚರಿತ್ರೆಯನ್ನು 1944ರಲ್ಲಿ ಪ್ರಕಟಿಸಿದ ರೋಜೇ ತಾಬೋ ಎಂಬ ಶಿಕ್ಷಣಾಧಿಕಾರಿಯು ಈ ಎರಡರ ಸಂಬಂಧವನ್ನು ವಿಶದವಾಗಿ ತೋರಿಸಿದ್ದಾನೆ. ದಾರಿಯಿಲ್ಲದ ಊರಿನಲ್ಲಿ ಓದುಬರೆಹಕ್ಕೆ ಉಪಯೋಗವಿರಲಿಲ್ಲ. ದಾರಿ ಬಂದು, ಸಂತೆ ಬೆಳೆದು, ಲೆಕ್ಕಪತ್ರಗಳು ಬಳಕೆಗೆ ಬಂದಮೇಲೆ ಶಾಲೆ ತುಂಬಿತು.

ಶಾಲೆಯ ಉಪಾಧ್ಯಾಯನೇ ಎಷ್ಟೋ ಹಳ್ಳಿಗಳಲ್ಲಿ ಮೇಯರನ ಕಾರ್ಯದರ್ಶಿಯೂ ಆಗಿದ್ದನು. ಅಕ್ಷರ ಬಲ್ಲವನು ಅವನು. ನಡವಳಿ ಪುಸ್ತಕ ಬರೆಯುವವನೂ ಅವನೇ. ಮೇರಿ ಎಂಬ ಕಮ್ಯೂನ್ ಕಚೇರಿಯೂ ಶಾಲೆಯೂ ಒಂದೇ ಕಟ್ಟಡದಲ್ಲಿದ್ದುದು ಅಲ್ಲಿನ ಹಳ್ಳಿಗಳ ಸಾಮಾನ್ಯ ದೃಶ್ಯ. ಇಂದಿಗೂ ಆ ಕಟ್ಟಡಗಳು ಇಗರ್ಜಿಯ ಎದುರಿಗೋ ಪಕ್ಕದಲ್ಲಿಯೋ ನಿಂತಿರುವುದನ್ನು ಕಾಣಬಹುದು.

ಮೂರನೆಯದು ನೀರು. ಬಟ್ಟೆ ಒಗೆಯುವ ಸಾರ್ವಜನಿಕ ಕೊಳಗಳಾದ ಲಾವ್ವಾರ್‌ಗಳನ್ನು ಕಟ್ಟಲು 1851ರ ಫೆಬ್ರವರಿ 3ರ ಕಾನೂನು ಸರ್ಕಾರದ ಧನಸಹಾಯವನ್ನು ಒದಗಿಸಿತು. ಸಮಿತಿಯಲ್ಲಿ ಗಂಡಸರು ಕುಳಿತು ತೀರ್ಮಾನಿಸಿದ ಈ ಕಟ್ಟೆಗಳಲ್ಲಿ ಹೆಂಗಸರು ಮಂಡಿಯೂರಿ ದುಡಿದರು. ಊರಿನ ಸುದ್ದಿಗಳೆಲ್ಲ ಅಲ್ಲಿಯೇ ವಿಮರ್ಶೆಗೆ ಬರುತ್ತಿದ್ದುವು. ನಾಲ್ಕನೆಯದು ಕಟ್ಟಿಗೆ. ಫ್ರಾನ್ಸಿನ ಪೂರ್ವಭಾಗದ ಕಾಡುಳ್ಳ ಕಮ್ಯೂನುಗಳಲ್ಲಿ ಅಫೂವಾಜ್ ಎಂಬ ಪುರಾತನ ಹಕ್ಕಿನಂತೆ ಊರಿನ ಕಾಡಿನ ಸೌದೆಯನ್ನು ಒಲೆಗೊಂದು ಪಾಲಿನಂತೆ ಹಂಚುತ್ತಿದ್ದರು. ಯಾರು ಊರಿನವರು, ಯಾರು ಪರಸ್ಥಳದವರು ಎಂಬ ಪ್ರಶ್ನೆಗೆ ಸೌದೆಯ ಪಾಲಿನ ದಿನ ಖಚಿತವಾದ ಉತ್ತರ ಸಿಕ್ಕುತ್ತಿತ್ತು. ಈ ಹಕ್ಕು ಈಗಲೂ ಹಲವೆಡೆ ಜೀವಂತವಾಗಿದೆ. ಇವಲ್ಲದೆ, ಬೆಳೆಗಳನ್ನು ಕಾಯುತ್ತ, ಡೋಲು ಬಾರಿಸಿ ಮೇಯರನ ಆಜ್ಞೆಗಳನ್ನು ಸಾರುತ್ತ ತಿರುಗುತ್ತಿದ್ದ ಗಾರ್ಡ್ ಷಾಂಪೇತ್ರ್ ಎಂಬ ಹೊಲಗಾವಲಿನವನನ್ನು ನೆನೆಯದಿದ್ದರೆ ಹಳ್ಳಿಯ ಚಿತ್ರ ಪೂರ್ಣವಾಗದು.

5. 1884ರ ಕಾನೂನು ಮತ್ತು ಗಣರಾಜ್ಯದ ಹಳ್ಳಿ

ಮೇಯರನನ್ನು ಯಾರು ಆರಿಸಬೇಕೆಂಬ ವಿವಾದ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ನಡೆಯಿತು. 1848ರಲ್ಲಿ ಸಣ್ಣ ಕಮ್ಯೂನುಗಳ ಸಮಿತಿಗೆ ಈ ಹಕ್ಕು ಬಂದಿತು. ಮೂರನೆಯ ನೆಪೋಲಿಯನ್ನನ ಕಾಲದಲ್ಲಿ ಹೋಯಿತು. ಪ್ಯಾರಿಸ್ ಒಂದನ್ನು ಬಿಟ್ಟು ಎಲ್ಲ ಕಮ್ಯೂನುಗಳಿಗೂ 1882ರಲ್ಲಿ ನೆಲೆಯಾಗಿ ದೊರೆಯಿತು. 1884ರ ಏಪ್ರಿಲ್ 5ರ ಕಾನೂನು ಇದೆಲ್ಲವನ್ನೂ ಕ್ರೋಡೀಕರಿಸಿತು. ಕಮ್ಯೂನಿನ ವ್ಯವಹಾರಗಳನ್ನು ಸಮಿತಿಯೇ ತನ್ನ ನಿರ್ಣಯಗಳಿಂದ ನಡೆಸತಕ್ಕದ್ದು, ಸಭೆಗಳು ಬಹಿರಂಗವಾಗಿರತಕ್ಕವು, ಪ್ರತಿ ಕಮ್ಯೂನಿಗೂ ಒಂದು ಮೇರಿ ಇರತಕ್ಕದ್ದು ಎಂದು ಅದು ವಿಧಿಸಿತು. ಆದರೆ ಪ್ರೀಫೆಕ್ಟನ ಮೇಲ್ವಿಚಾರಣೆ ತಪ್ಪಲಿಲ್ಲ. ಆಯವ್ಯಯ ಪಟ್ಟಿಗೂ ಮುಖ್ಯ ನಿರ್ಣಯಗಳಿಗೂ ಅವನ ಒಪ್ಪಿಗೆ ಬೇಕಾಗಿತ್ತು.

ಗಣರಾಜ್ಯವು ಹಳ್ಳಿಯಲ್ಲಿ ಬೇರೂರಿದುದು ಈ ಮೇರಿಗಳ ಮೂಲಕ. 1900ರ ಸೆಪ್ಟೆಂಬರ್ 22ರಂದು ಪ್ಯಾರಿಸಿನ ತ್ವೀಲ್ರಿ ಉದ್ಯಾನದಲ್ಲಿ ಸರ್ಕಾರವು ದೇಶದ ಮೇಯರುಗಳಿಗೆ ಏರ್ಪಡಿಸಿದ ಭೋಜನಕೂಟಕ್ಕೆ 20,000ಕ್ಕೂ ಹೆಚ್ಚು ಮಂದಿ ಬಂದಿದ್ದರು. ಹಳ್ಳಿಗಳ ಬೆಂಬಲವೇ ತನ್ನ ತಳಹದಿಯೆಂಬುದನ್ನು ಗಣರಾಜ್ಯವು ಚೆನ್ನಾಗಿ ಅರಿತಿತ್ತು.

ಮೇಯರ್, ಉಪಾಧ್ಯಾಯ, ಪಾದ್ರಿ, ಈ ಮೂವರ ನಡುವಣ ಸೆಣಸಾಟವೂ ಇದೇ ಕಾಲದ್ದು. ಗಂಟೆಯನ್ನು ಯಾವಾಗ ಬಾರಿಸಬೇಕು, ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬಹುದು ಎಂಬುವೂ ವ್ಯಾಜ್ಯದ ವಿಷಯಗಳಾದುವು. 1905ರಲ್ಲಿ ಧರ್ಮವನ್ನು ರಾಜ್ಯದಿಂದ ಬೇರ್ಪಡಿಸಿದ ತರುವಾಯ ಹಳೆಯ ಇಗರ್ಜಿ ಕಟ್ಟಡಗಳು ಕಮ್ಯೂನಿನ ಸ್ವತ್ತಾಗಿ ಉಳಿದುವು. ಹೀಗಾಗಿ ದೇವರನ್ನು ನಂಬದ ಮೇಯರನೂ ಇಗರ್ಜಿಯ ಮಾಡು ಸೋರಿದರೆ ಚಿಂತಿಸಬೇಕಾಯಿತು. ಇಂದಿನ ಬಡ ಹಳ್ಳಿಗಳ ಆಯವ್ಯಯದಲ್ಲಿ ಆ ಮಾಡಿನ ವೆಚ್ಚ ಈಗಲೂ ದೊಡ್ಡ ಭಾರ.

1914–1918ರ ಯುದ್ಧದಲ್ಲಿ ಸುಮಾರು 14 ಲಕ್ಷ ಫ್ರೆಂಚ್ ಸೈನಿಕರು ಮಡಿದರು. ಸಾವಿನ ಸುದ್ದಿಯನ್ನು ಮನೆಗೆ ತಲುಪಿಸುವ ಹೊಣೆ ಮೇಯರನದಾಗಿತ್ತು. ಅವನು ಬೀದಿಯಲ್ಲಿ ನಡೆದು ಬರುವುದನ್ನು ಕಂಡರೆ ತಾಯಂದಿರು ನಡುಗುತ್ತಿದ್ದರು. ಯುದ್ಧಾನಂತರ ಬಹುತೇಕ ಪ್ರತಿಯೊಂದು ಕಮ್ಯೂನೂ ಮಡಿದವರ ಹೆಸರುಗಳನ್ನು ಕೆತ್ತಿದ ಸ್ಮಾರಕವನ್ನು ನಿಲ್ಲಿಸಿತು. ವೆರ್ದನ್ ಬಳಿ ಪೂರ್ಣವಾಗಿ ನಾಶವಾದ ಫ್ಲೂರಿ, ಬೆಝೋಂವೋ ಮೊದಲಾದ ಆರು ಹಳ್ಳಿಗಳಲ್ಲಿ ಇಂದಿಗೂ ಒಬ್ಬ ನಿವಾಸಿಯೂ ಇಲ್ಲ. ಆದರೂ ಅವು ಕಮ್ಯೂನುಗಳಾಗಿಯೇ ಉಳಿದಿವೆ. ಪ್ರೀಫೆಕ್ಟನು ನೇಮಿಸಿದ ಮೇಯರ್ ಅವುಗಳಿಗಿದ್ದಾನೆ. ಜನರಿಲ್ಲದ ಊರಿಗೂ ಮೇಯರ್ ಇರಬೇಕೆಂದು ಒಂದು ರಾಷ್ಟ್ರ ಭಾವಿಸುವುದಾದರೆ, ಕಮ್ಯೂನು ಅಲ್ಲಿಯವರ ಮನಸ್ಸಿನಲ್ಲಿ ಬರಿಯ ಆಡಳಿತ ಘಟಕವಲ್ಲವೆಂಬುದು ನಿಶ್ಚಯ.

1940ರ ನವೆಂಬರ್ 16ರ ವಿಷಿ ಸರ್ಕಾರದ ಕಾನೂನು 2,000 ಜನರನ್ನು ಮೀರಿದ ಊರುಗಳಲ್ಲಿ ಚುನಾವಣೆಯನ್ನು ರದ್ದುಮಾಡಿತು. ಅದಕ್ಕಿಂತ ಸಣ್ಣ ಹಳ್ಳಿಗಳ ಸಮಿತಿಗಳನ್ನು ಮಾತ್ರ ಹಾಗೆಯೇ ಬಿಟ್ಟಿತು. 1945ರ ಏಪ್ರಿಲ್ 29ರಂದು ನಡೆದ ಕಮ್ಯೂನ್ ಚುನಾವಣೆಯಲ್ಲಿ ಫ್ರೆಂಚ್ ಸ್ತ್ರೀಯರು ಮೊಟ್ಟಮೊದಲು ಮತ ಹಾಕಿದರು. ಹುಲ್ಲುಗಾವಲಿನ ಮತದಿಂದ ಊರಿನ ಮತಕ್ಕೆ ಬರಲು ಅವರಿಗೆ ಒಂದೂವರೆ ಶತಮಾನ ಹಿಡಿದಿತ್ತು.

6. ಬದಲಾದ ಹಳ್ಳಿ, ದೂರ ಸರಿದ ಅಧಿಕಾರ

ಯುದ್ಧಾನಂತರದ ಹಳ್ಳಿಯನ್ನು ಹತ್ತಿರದಿಂದ ಕಂಡ ಎರಡು ಅಧ್ಯಯನಗಳನ್ನು ಇಲ್ಲಿ ಉಲ್ಲೇಖಿಸಬಹುದು. ಅಮೆರಿಕದ ವಿದ್ವಾಂಸ ಲಾರೆನ್ಸ್ ವೈಲಿ 1950–51ರಲ್ಲಿ ಪ್ರೊವಾನ್ಸಿನ ರುಸ್ಸಿಯೋಂ ಎಂಬ ಹಳ್ಳಿಯಲ್ಲಿ ಕುಟುಂಬದೊಡನೆ ನೆಲಸಿ, ಆ ಊರಿಗೆ ಬೇರೆ ಹೆಸರಿಟ್ಟು, 1957ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ತೆರಿಗೆ ಹಾಕುವ, ಯುದ್ಧಕ್ಕೆ ಕರೆಯುವ, ನಮೂನೆಗಳನ್ನು ಕಳುಹಿಸುವ ಹೊರಗಿನ ಶಕ್ತಿಗಳನ್ನೆಲ್ಲ ಊರಿನವರು ‘ಅವರು’ ಎಂಬ ಒಂದೇ ಮಾತಿನಿಂದ ಸೂಚಿಸುತ್ತಿದ್ದರೆಂದು ಅವನು ಗಮನಿಸಿದ್ದಾನೆ. ಸರ್ಕಾರವು ಅವರಿಗೆ ಹೆಸರಿಲ್ಲದ ಬಹುವಚನ.

ಎರಡನೆಯದು ಅರ್ಥಶಾಸ್ತ್ರಜ್ಞ ಝಾಂ ಫೂರಾಸ್ತಿಯೆ 1979ರಲ್ಲಿ ಮಾಡಿದ ಹೋಲಿಕೆ. ದುಯೆಲ್ ಎಂಬ ಒಂದೇ ಹಳ್ಳಿಯ ಎರಡು ಕಾಲದ ಸ್ಥಿತಿಯನ್ನು ಅವನು ಎರಡು ಬೇರೆ ಹಳ್ಳಿಗಳೋ ಎಂಬಂತೆ ಮುಂದಿಟ್ಟನು. 1946ರಲ್ಲಿ ಊರಿನ 534 ಮಂದಿಯಲ್ಲಿ ದುಡಿಯುವವರು 279. ಅವರಲ್ಲಿ 208 ಮಂದಿ ಬೇಸಾಯಗಾರರು. 1975ರಲ್ಲಿ 670 ಮಂದಿಯಲ್ಲಿ ದುಡಿಯುವವರು 215, ಬೇಸಾಯಗಾರರು 53. ಮೋಟಾರು ಕಾರುಗಳು 5ರಿಂದ 280ಕ್ಕೆ ಏರಿದ್ದುವು. ಊರು ಬಡವಾಗಲಿಲ್ಲ, ಶ್ರೀಮಂತವಾಯಿತು. ಆದರೆ ಒಂದೇ ಬಗೆಯ ದುಡಿಮೆಯಿಂದ ಬೆಸೆದುಕೊಂಡಿದ್ದ ಸಮುದಾಯ ಸಡಿಲವಾಯಿತು. ಕಾರು ಬಂದಮೇಲೆ ಅಂಗಡಿ, ಕೆಲಸ, ವೈದ್ಯ, ಎಲ್ಲವೂ ಹೊರಗೆ ದೊರೆಯತೊಡಗಿದುವು. ಬೆಟ್ಟಸೀಮೆಯ ಊರುಗಳಿಗೆ ಈ ಭಾಗ್ಯವೂ ಇರಲಿಲ್ಲ. ಅವು ಸುಮ್ಮನೆ ಬರಿದಾದುವು.

ಇದರೊಡನೆ 1789ರ ಹಳೆಯ ಪ್ರಶ್ನೆ ಮರಳಿತು: ಇಷ್ಟೊಂದು ಕಮ್ಯೂನುಗಳು ಬೇಕೆ? 1971ರ ಜುಲೈ 16ರ ಕಾನೂನು ಸಣ್ಣ ಕಮ್ಯೂನುಗಳನ್ನು ಕೂಡಿಸಲು ಯತ್ನಿಸಿತು. ಸಂಖ್ಯೆ ಸುಮಾರು 1,000ದಷ್ಟು ಇಳಿದು ನಿಂತಿತು. ಕೂಡಿದವುಗಳಲ್ಲಿಯೂ ಕೆಲವು ಮತ್ತೆ ಬೇರೆಯಾದುವು. 1982ರ ಮಾರ್ಚ್ 2ರ ವಿಕೇಂದ್ರೀಕರಣ ಕಾನೂನು ಪ್ರೀಫೆಕ್ಟನ ಪೂರ್ವಾನುಮತಿಯನ್ನು ತೆಗೆದುಹಾಕಿತು. ಕಮ್ಯೂನು ಕೊನೆಗೂ ಸ್ವತಂತ್ರವಾಯಿತೆನ್ನಬಹುದಾಗಿತ್ತು. ಆದರೆ 1999ರ ಹಾಗೂ 2015ರ ಕಾನೂನುಗಳಿಂದ ಕಮ್ಯೂನುಗಳನ್ನು ಒಟ್ಟುಗೂಡಿಸಿದ ಸಮುದಾಯಗಳು ಬಲಗೊಂಡುವು. 2015ರಲ್ಲಿ ಅಂಥ ಸಮುದಾಯಕ್ಕೆ ಸಾಮಾನ್ಯವಾಗಿ 15,000 ಜನರ ಕನಿಷ್ಠ ಮಿತಿ ಗೊತ್ತಾಯಿತು. ಕಸದ ವಿಲೇವಾರಿ, ಭೂಬಳಕೆಯ ಯೋಜನೆ, ಆರ್ಥಿಕಾಭಿವೃದ್ಧಿ ಮುಂತಾದ ಅಧಿಕಾರಗಳು ಅತ್ತ ಸರಿದುವು. ನೀರಿನ ಅಧಿಕಾರವನ್ನೂ ಕಡ್ಡಾಯವಾಗಿ ಒಪ್ಪಿಸಬೇಕೆಂಬ ನಿಬಂಧನೆಗೆ ಹಳ್ಳಿಗಳು ಬಹುಕಾಲ ವಿರೋಧಿಸಿದುವು. 2025ರ ಏಪ್ರಿಲ್ ತಿಂಗಳಲ್ಲಿ ಆ ಕಡ್ಡಾಯ ತೊಲಗಿತು. ಮುಖ್ಯ ವಾಸದ ಮನೆಯ ಮೇಲಿನ ನಿವಾಸ ತೆರಿಗೆ 2023ರ ವೇಳೆಗೆ ಸಂಪೂರ್ಣ ರದ್ದಾಗಿ, ಊರಿನ ನಿವಾಸಿಗೂ ಊರಿನ ಖಜಾನೆಗೂ ಇದ್ದ ನೇರ ಕೊಂಡಿಯೊಂದು ಕಳಚಿತು.

2020ರ ಚುನಾವಣೆಯಲ್ಲಿ ನೂರಕ್ಕೂ ಹೆಚ್ಚು ಕಮ್ಯೂನುಗಳಲ್ಲಿ ಒಬ್ಬ ಅಭ್ಯರ್ಥಿಯೂ ನಿಲ್ಲಲಿಲ್ಲ. ಅಲ್ಲಿಯವರೆಗೆ 1,000 ಜನರಿಗಿಂತ ಕಡಮೆಯ ಹಳ್ಳಿಗಳಲ್ಲಿ ಮತದಾರನು ತನಗೆ ಒಲ್ಲದವರ ಹೆಸರನ್ನು ಹೊಡೆದುಹಾಕಿ, ಬೇಕಾದವರ ಹೆಸರನ್ನು ಸೇರಿಸಬಹುದಾಗಿತ್ತು. ಊರಿನ ಒಲವು ಮುನಿಸುಗಳೆಲ್ಲ ಮತಪತ್ರದ ಮೇಲಿನ ಆ ಗೆರೆಗಳಲ್ಲಿ ವ್ಯಕ್ತವಾಗುತ್ತಿದ್ದುವು. 2025ರ ಮೇ 21ರ ಕಾನೂನು ಆ ಪದ್ಧತಿಯನ್ನು ನಿಲ್ಲಿಸಿ, ಸ್ತ್ರೀಪುರುಷರು ಒಬ್ಬರಾದಮೇಲೊಬ್ಬರು ಬರುವ ಪಟ್ಟಿಯ ಪದ್ಧತಿಯನ್ನು 2026ರ ಚುನಾವಣೆಯಿಂದ ಈ ಹಳ್ಳಿಗಳಿಗೂ ಅನ್ವಯಿಸಿತು.

7. ಉಪಸಂಹಾರ

ಸಣ್ಣ ಕಮ್ಯೂನಿನ ವಿರುದ್ಧ ಹೇಳುವ ಮಾತುಗಳು ನಿರಾಧಾರವಲ್ಲ. ಅದರ ಬೊಕ್ಕಸ ಬಡವು. ಬಹುಕಾಲ ಅದನ್ನು ಆಳಿದವರು ಭೂಮಾಲಿಕ, ನೋಟರಿ, ವೈದ್ಯ ಮುಂತಾದ ಕೆಲವೇ ಪ್ರಮುಖರು. ನೆರೆಹೊರೆಯ ದಾಕ್ಷಿಣ್ಯ ಹೇಗೋ ನೆರೆಹೊರೆಯ ದ್ವೇಷವೂ ಹಾಗೆಯೇ ಅದರ ನಡವಳಿ ಪುಸ್ತಕದಲ್ಲಿ ಅಡಗಿದೆ. ಹೆಂಗಸರನ್ನು ಅದು 1945ರವರೆಗೆ ಹೊರಗಿಟ್ಟಿತು. ಕೊಳಾಯಿಯ ನೀರನ್ನೂ ಕಸದ ಬಂಡಿಯನ್ನೂ ದೊಡ್ಡ ಘಟಕ ಚೆನ್ನಾಗಿ ನಿರ್ವಹಿಸಬಲ್ಲುದೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ನಾವು ಪರಿಶೀಲಿಸಿದ ಚರಿತ್ರೆಯಿಂದ ಇನ್ನೊಂದು ಸಂಗತಿಯೂ ಸಿದ್ಧವಾಗುತ್ತದೆ. ಕಮ್ಯೂನಿನ ಬಲ ಅದರ ಅಧಿಕಾರಗಳ ಮೊತ್ತದಲ್ಲಿರಲಿಲ್ಲ. 1800ರ ನೇಮಿತ ಮೇಯರನಿಗೂ 1884ರ ಚುನಾಯಿತ ಮೇಯರನಿಗೂ ಪ್ರೀಫೆಕ್ಟನ ಅಂಕುಶವಿತ್ತು. ತೀರ್ಮಾನ ಮಾಡುವವನು ಅದರ ಫಲವನ್ನು ಅನುಭವಿಸುವವರ ಕಣ್ಣೆದುರಿಗೇ ಬಾಳಬೇಕಾಗಿದ್ದುದೇ ಅದರ ಬಲ. ‘ಅವರು’ ಎಂದು ದೂರಮಾಡಲಾಗದ, ಬಾಗಿಲು ತಟ್ಟಿ ಕೇಳಬಹುದಾದ ಏಕಮಾತ್ರ ಸರ್ಕಾರ ಅದಾಗಿತ್ತು. 2018ರ ಕೊನೆಯಲ್ಲಿ ಇಂಧನ ತೆರಿಗೆಯ ವಿರುದ್ಧ ಹಳದಿ ಅಂಗಿಯವರ ಚಳವಳಿ ಎದ್ದಾಗ, ಸಾವಿರಾರು ಹಳ್ಳಿಗಳ ಮೇಯರುಗಳು ತಮ್ಮ ಕಚೇರಿಗಳಲ್ಲಿ ದೂರುಗಳನ್ನು ಬರೆಯುವ ಪುಸ್ತಕಗಳನ್ನು ತೆರೆದಿಟ್ಟರು. 1789ರಲ್ಲಿ ಅವರ ಪೂರ್ವಿಕರು ಅರಸನಿಗೆ ಬರೆದ ಅಹವಾಲಿನ ಪುಸ್ತಕಗಳ ಹೆಸರನ್ನೇ ಅವಕ್ಕೂ ಇಟ್ಟರು. ರಾಜ್ಯದ ಮೇಲಣ ವಿಶ್ವಾಸ ಕುಸಿದ ಹೊತ್ತಿನಲ್ಲಿ ಜನ ನಂಬಿ ಹೋದುದು ಮೇರಿಯ ಬಾಗಿಲಿಗೆ.

720 ಕಮ್ಯೂನುಗಳ ಯೋಜನೆಯನ್ನು 1789ರ ಸಭೆ ತಿರಸ್ಕರಿಸಿತು; ಅದನ್ನು ಹೋಲುವ ವ್ಯವಸ್ಥೆ ಈಗ ಬೇರೆ ಹೆಸರಿನಿಂದ, ಮೆಲ್ಲಮೆಲ್ಲನೆ, ಕಮ್ಯೂನುಗಳನ್ನು ಅಳಿಸದೆಯೇ ಅವುಗಳ ಮೇಲೆ ಬೆಳೆಯುತ್ತಿದೆ. ಮೇಯರನಿಗೆ ತ್ರಿವರ್ಣದ ಪಟ್ಟಿ ಉಳಿದು, ಕೊಡಬಹುದಾದ ಉತ್ತರ ಮಾತ್ರ ಉಳಿಯದೆ ಹೋದರೆ, ತಟ್ಟುವ ಕೈಗಳು ಎಷ್ಟು ಕಾಲ ಆ ಬಾಗಿಲಿಗೆ ಬಂದಾವು? ಸ್ಥಳೀಯ ಆಡಳಿತದ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಗಳು ದಕ್ಷತೆಯ ಲೆಕ್ಕದೊಡನೆ ಈ ಲೆಕ್ಕವನ್ನೂ ಇಡಬೇಕೆಂಬುದು ನಮ್ಮ ಅಭಿಪ್ರಾಯ.